ಮೈಕಿನ ಪಿನ್ ಕಿತ್ತ ಮ್ಯಾಲೆ

ಬಾಗಿಲಾ ಮುಂದ ಮಾಡಿ ಕುಂದ್ರಿ. ಜೋರಾಗಿ ಹೇಳೂ ಮಾತಲ್ಲ ಇದು.

ನಮ್ಮ ಚಿಗವ್ವನ ಮಗ ಸಂಘಪಾಲಗ ಹೋದ ಚಳಿಗಾಲದಾಗ ಆಗಿದ್ದು. ಐನಾಪುರದಂವ. ಸುತ್ತ ಎಲ್ಲೇ ಕಬಡ್ಡಿ ಇರಲಿ, ಕ್ಯಾಮೆರಾ ಹಚ್ಚಿ ಯೂಟ್ಯೂಬಿನಾಗ ಲೈವ್ ಬಿಡ್ತಿದ್ದ. ದೋಸ್ತ ಸೂರ್ಯಕಾಂತ ಮೈಕ್ ಹಿಡಿದು ಆಟ ಹೇಳಂವ. ಇಬ್ಬರೂ ಕೂಡಿ ಮೂರು ವರ್ಷ ಚಾನೆಲ್ ಬೆಳೆಸಿದ್ರು. ಒಂದೇ ತಾಟಿನಾಗ ಉಂಡವರು.

ಆ ಸಲ ಸೂರ್ಯಕಾಂತ ಅಂದಿದ್ದ, "ನಮ್ಮೂರ ಟೂರ್ನಮೆಂಟ್ ನಡಸಾವ್ರು ಲೈವ್ ಬ್ಯಾಡ ಅಂದಾರಪಾ." ಸಂಘಪಾಲ ನಂಬಿದ.

ಫೈನಲ್ ದಿನ ಚಿಮ್ಮನಚೋಡಕ್ಕ ಹೋಗಿದ್ದ. ತಿರುಗಿ ಬರೂದ್ರಾಗ ರಾತ್ರಿ ಹತ್ತೂವರಿ. ಬಸ್ ಇಳಿದು ಹೊಲದ ದಾರಿ ಹಿಡಿದ. ಶಾಲಿ ಮೈದಾನದ ಹಿಂದ ಒಂದು ಹಳೀ ಬಾವಿ ಅದ... ಬಾಯಿಗೆ ಹಾಸುಗಲ್ಲು ಮುಚ್ಚಿ ಭಾಳ ವರ್ಷ ಆಗ್ಯಾವ. ಅದರ ಬಾಜೂಕ ಬಂದಾಗ ಕೇಳಿಸ್ತು. ಕಿರ್ರ್... ಕಿರ್ರ್... ನೀರು ಸೇದೂ ಗಾಲಿ ತಿರುಗಿದಂಗ. ಅಲ್ಲಿ ಗಾಲಿನೇ ಇಲ್ಲ.

ತಿರುಗಿ ನೋಡಲಿಲ್ಲ. ಮೈದಾನದ ಲೈಟಿನ ಕಡೆ ಸರಸರ ನಡೆದ. ಹೋಗಿ ನೋಡ್ತಾನ... ಟೇಬಲ್ ಮ್ಯಾಲೆ ಹೊಸಾ ಕ್ಯಾಮೆರಾ, ಲ್ಯಾಪ್‌ಟಾಪು. ಹಿಂದ ಸೂರ್ಯಕಾಂತ.

ಸೂರ್ಯಕಾಂತನ ಮಾರಿ ಬಿಳಚಿಕೊಂಡಿತು. "ಕಡೀ ಗಳಿಗ್ಯಾಗ ಹೂಂ ಅಂದ್ರು. ನಿನಗ ಫೋನ್ ಹತ್ತಲಿಲ್ಲ," ಅಂದ. "ಬಂದಿದ್ದು ಛಲೋ ಆತು. ಜರಾ ನೋಡು... ಪಿಕ್ಚರ್ ಮಿಣಮಿಣ ಅನ್ನಾಕತ್ತದ. ಸೌಂಡೂ ಕೆಟ್ಟದ. ನೋಡೂ ಮಂದಿ ಬೈಯಾಕತ್ತಾರ."

ಸಂಘಪಾಲಗ ಎದಿಯಾಗ ಮುಳ್ಳು ಮುರಿದಂಗ ಆತು. ಆದ್ರೂ ನಂಬಿದ. ಚಾನೆಲ್ ತನ್ನದೂ ಹೌದಲ್ಲ? ಕುಂತ. ಮೈದಾನದ ಲೈಟಿಗೆ ಹೊಂದೂವಂಗ ಕ್ಯಾಮೆರಾದ ಶಟರ್ ಸ್ಪೀಡ್ ಐವತ್ತಕ್ಕ ಇಟ್ಟ. ಪಿಕ್ಚರಿನ ಮ್ಯಾಲೆ ಕರೀ ಪಟ್ಟಿ ಓಡೂದು ನಿಂತು ತಿಳಿ ಆತು. ಆಮ್ಯಾಲೆ ಹೆಡ್‌ಫೋನ್ ಹಾಕ್ಕೊಂಡ.

ಆಟದ ಗದ್ದಲದ ಕೆಳಗ ಯಾರೋ ಪಿಸುಪಿಸು...

ವಾಯರ್ ಬದಲಿ ಮಾಡಿದ. ಹಂಗೇ ಇತ್ತು. ಫೋನಿಂದ ಬರಾಕತ್ತದೇನೋ ಅಂತ ಫೋನೆಲ್ಲಾ ದೂರ ಇಡಿಸಿದ. ಹಂಗೇ. ಕಡೀಕ ಮೈಕಿನ ಪಿನ್ನೇ ಕಿತ್ತ. ಮೈದಾನದ ಸದ್ದು ಟಕ್ ಅಂತ ನಿಂತಿತು.

ಪಿಸುಮಾತು ನಿಲ್ಲಲಿಲ್ಲ. ಈಗ ಸಾಫ್ ಕೇಳಿಸ್ತು.

ಸೂರ್ಯಕಾಂತನ ಧ್ವನಿ ಅದು. ಆದ್ರ ಸೂರ್ಯಕಾಂತ ಎದುರಿಗೇ ನಿಂತಾನ... ಬಾಯಿ ಮುಚ್ಚಿಕೊಂಡು.

"ಸಂಘಪಾಲ ಲೈವ್ ಮಾಡೂದು ಬಿಟ್ಟಾನ್ರಿ. ಇನ್ನ ನಾ ಒಬ್ಬನೇ."

ಒಂದು ಮುದುಕಿ ಧ್ವನಿ, ಮೆಲ್ಲಕ, "ಮುಂದ?"

"ಚಾನೆಲ್ ಪಾಸ್‌ವರ್ಡ್ ಬದಲಿ ಮಾಡೀನಿ."

"ಮುಂದ?"

"ಅವಗ ಗೊತ್ತಾಗಂಗಿಲ್ರಿ. ನಾ ಏನ್ ಹೇಳಿದ್ರೂ ನಂಬ್ತಾನ ಅಂವ."

ಸಂಘಪಾಲ ಹೆಡ್‌ಫೋನ್ ತೆಗೆದು ದೋಸ್ತನ ಕಿವಿಗೆ ಇಟ್ಟ. ಲೈವ್ ನೋಡಾವ್ರು ಕೆಳಗ ಕಮೆಂಟಿನಾಗ ಬರಿಯಾಕತ್ತಿದ್ರು, ಆ ಮುದುಕಿ ಯಾರು ಅಂತ.

"ಇದು ಎಲ್ಲಿ ಮಾತಾಡಿದಿ?" ಸಂಘಪಾಲ ಸಣ್ಣಕ ಕೇಳಿದ.

"ಶಾಲಿ ಹಿಂದಿನ ಬಾವಿ ಕಟ್ಟಿ ಮ್ಯಾಲೆ ಕುಂತು... ಟೂರ್ನಮೆಂಟ್ ನಡಸೂ ಬಂದೇಅಲಿ ಸಾಹೇಬ್ರಿಗೆ ಫೋನ್ ಹಚ್ಚಿದ್ದೆ."

"ಬಾಜೂಕ ಯಾರಿದ್ರು?"

"ಯಾರೂ ಇರಲಿಲ್ಲೋ. ಖರೇ ಯಾರೂ ಇರಲಿಲ್ಲ."

ಸಂಘಪಾಲ ಬೈಯಲಿಲ್ಲ, ಹೊಡೀಲಿಲ್ಲ. "ನಂಬ್ತಾನ ಅಂದೀ ನೋಡು... ಅದೊಂದು ಅನ್ನಬಾರದಿತ್ತು," ಅಂದ. ಎದ್ದ. ಬಾವಿ ದಾರಿ ಬಿಟ್ಟು ಡಾಂಬರು ರಸ್ತೆ ಸುತ್ತುಹಾಕಿ ಮನಿಗೆ ಹೋದ.

ಮರುದಿನ ಸೂರ್ಯಕಾಂತ ಪಾಸ್‌ವರ್ಡ್ ಕಳಿಸಿದ. ಸಂಘಪಾಲ ಒಂದೇ ಸಲ ಚಾನೆಲ್ ತೆರೆದು ಆ ರಾತ್ರಿದ ರೆಕಾರ್ಡಿಂಗ್ ಇಳಿಸಿಕೊಂಡ. ಮತ್ತ ಆ ಕಡೆ ಹಣಿಕಿ ಹಾಕಿಲ್ಲ. ಈಗ ಸೇಡಂ, ಕೋಡ್ಲಾ ಕಡೆ ಒಬ್ಬನೇ ಲೈವ್ ಮಾಡ್ತಾನ. ಸೂರ್ಯಕಾಂತ ಇವನ ಮನಿ ಬಾಗಿಲಿಗೆ ಎರಡು ಸಲ ಬಂದ. ಅವನ ಜೋಡಿ ಮಾತಿಲ್ಲ.

ಆ ರೆಕಾರ್ಡಿಂಗ್ ನಾ ಕೇಳೀನ್ರಿ. ಇವೇ ಕಿವಿಲೆ. ಸುಳ್ಳು ಹೇಳಿ ನನಗೇನು ಆಗಬೇಕಾಗ್ಯಾದ? ಲ್ಯಾಪ್‌ಟಾಪಿನ ಮ್ಯಾಲೆ ಧ್ವನಿ ಬಂದಂಗ ಒಂದು ಹಸರು ಗೆರಿ ಏರಿ ಇಳೀತದ. ಸೂರ್ಯಕಾಂತನ ಮಾತಿಗೆ ಏರ್ತದ. ಮುದುಕಿ "ಮುಂದ?" ಅಂದಾಗ... ಕಿವಿಗೆ ಸಾಫ್ ಕೇಳಿಸ್ತದ. ಗೆರಿ ಅಲ್ಲಾಡಂಗಿಲ್ಲ.