ಭಾವ ತಿರುಗಿಸುವ ಮಷಿನ್

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ದವಡೆ ಹಿಡಿದುಕೊಂಡು ಕೂತಿದ್ದ ದರ್ಜಿಗೆ ಪಕ್ಕದ ಬೆಂಚಿನ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕನ ಕೆನ್ನೆ ಊದಿತ್ತು. ತಮ್ಮ ಕೆಲಸದಿಂದ ನೇರವಾಗಿ ಬಂದಿರಬೇಕು, ಅಂಗಿಯ ತೋಳಿಗೆ ಮೈದಾ ಮೆತ್ತಿತ್ತು.

"ಭಾವ ಇನ್ನೂ ಬೇಕರಿಯಲ್ಲೇ ಇದಾರೆ ಕಣಕ್ಕ. ಹಿಟ್ಟು ಕಲಸೋ ಮಷಿನ್ ಯಾರೂ ಮುಟ್ಟದೆ ತಾನಾಗೇ ತಿರುಗುತ್ತೆ."

"ಯಾರು ಹಾಗಂದಿದ್ದು?"

"ಸೂಪರ್‌ವೈಸರ್ರೇ. ಸತ್ತರೂ ಕೆಲಸದ ಮೇಲಿನ ಪ್ರೀತಿ ಬಿಟ್ಟಿಲ್ಲ ನೋಡಿ ಅಂತಾರೆ."

"ಪ್ರೀತಿಯಂತೆ ಪ್ರೀತಿ. ಅದರ ಸ್ವಿಚ್ಚು ಕೆಟ್ಟಿದೆ ಅಂತ ನಿನ್ನ ಭಾವ ಅಷ್ಟು ಬಾಯಿ ಬಡ್ಕೊಂಡ್ರಲ್ಲ, ಈಗಲಾದ್ರೂ ಬದಲಾಯಿಸಿದ್ರಾ?"

"ಇಲ್ಲಕ್ಕ. ಅದನ್ನ ಬಿಚ್ಚೋಕೆ ಎಲ್ಲರಿಗೂ ಭಯ."

"ಚೆನ್ನಾಗಿದೆ. ರಿಪೇರಿ ಖರ್ಚು ಉಳೀತು ಬೇಕರಿಯವರಿಗೆ. ಈಗ ಆ ಮಷಿನ್ ಯಾರು ನೋಡ್ಕೋತಿದಾರೆ?"

ತಮ್ಮ ತೋಳಿನ ಮೈದಾ ಕೆರೆಯತೊಡಗಿದ.

"ನಾನೇ. ಬೇರೆ ಯಾರೂ ಒಪ್ಪಲಿಲ್ಲ. ಸ್ವಂತ ಭಾವ, ನಿನಗೇನು ಮಾಡ್ತಾನೆ ಅಂದ್ರು."

ದರ್ಜಿಗೆ ಹಲ್ಲುನೋವು ಮರೆತೇಹೋಯಿತು.

ಬಾಗಿಲು ತೆರೆದು ನರ್ಸ್ ಅಕ್ಕನನ್ನು ಒಳಗೆ ಕರೆದಳು. ಎದ್ದ ಅಕ್ಕ ಒಳಗೆ ಹೋಗಲಿಲ್ಲ. ತಮ್ಮನ ತೋಳು ಹಿಡಿದು ಎಬ್ಬಿಸಿ, ಹೊರಬಾಗಿಲ ಕಡೆ ಎಳೆದುಕೊಂಡೇ ಹೊರಟಳು.

"ನಡಿ, ನಿನ್ನ ಸೂಪರ್‌ವೈಸರ್ ಹತ್ರ ಹೋಗೋಣ. ಅವತ್ತು ಅದು ತಾನಾಗೇ ತಿರುಗಿ ತಾನೇ ನಿನ್ನ ಭಾವನ್ನ ಒಳಗೆ ಎಳ್ಕೊಂಡಿದ್ದು? ಆಗ ಅದನ್ನ ತಿರುಗಿಸಿದ್ದು ಯಾರ ದೆವ್ವ ಅಂತ ಕೇಳ್ಬೇಕು ನಾನು."