ನಲವತ್ತೆರಡನೇ ಪುಟದ ಪ್ರಶ್ನೆ

ವೇದಿಕೆಯ ಮೇಲಿರುವ ಸರ್ಕಾರಿ ಮುದ್ರಣಾಲಯದ ನಿರ್ದೇಶಕರೇ, ಒಂದು ಗಂಟೆ ಯಂತ್ರ ನಿಲ್ಲಿಸಿ ಬಂದು ಕೂತಿರುವ ಬಂಧುಗಳೇ, ಇಂದು ನಿವೃತ್ತರಾಗುತ್ತಿರುವ, ಕರಡು ತಿದ್ದಿ ತಿದ್ದಿ ನಮಗೆಲ್ಲ ಕರಡಕ್ಕನೇ ಆಗಿಹೋದ ಅಕ್ಕನವರೇ, ಸಭಿಕರೇ,

ಐದು ನಿಮಿಷ ಮಾತಾಡಿ ಎಂದಿದ್ದಾರೆ. ಹಣಕಾಸು ಕಾರ್ಯದರ್ಶಿಯಾಗಿದ್ದವನು ಕಡಿತ ಮಾಡುವುದು ಬೇರೆಯವರ ಪಾಲನ್ನು, ತನ್ನದನ್ನಲ್ಲ. ಆದ್ದರಿಂದ ಹತ್ತು ನಿಮಿಷ ಸಹಿಸಿಕೊಳ್ಳಿ.

ದೇಶವನ್ನು ಸಾಲದಿಂದ ಮೇಲೆತ್ತಿದವರು ಎಂದು ನಿರ್ದೇಶಕರು ಈಗಷ್ಟೇ ನನ್ನನ್ನು ಹೊಗಳಿದರು. ಎತ್ತಿದ್ದು ನಾನೇ? ಹೇಳುತ್ತೇನೆ, ಕೇಳಿ.

ಹದಿನೆಂಟು ವರ್ಷದ ಹಿಂದೆ ಬೊಕ್ಕಸಕ್ಕೆ ನೂರು ಬಂದರೆ ನಲವತ್ತು ಬಡ್ಡಿಗೇ ಹೋಗುತ್ತಿತ್ತು. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಆ ವರ್ಷದ ಬಜೆಟ್ ಅಚ್ಚಾಗುವಾಗ, ಗುಟ್ಟು ಹೊರಬೀಳದಂತೆ, ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ನಾನೂ ಅಕ್ಕನೂ ಸೇರಿ ಇಪ್ಪತ್ತು ಜನರನ್ನು ಎಂಟು ದಿನ ಕೂಡಿಹಾಕಿದ್ದರು. ಫೋನಿಲ್ಲ, ಪತ್ರಿಕೆಯಿಲ್ಲ. ನನ್ನ ಗೊರಕೆಯ ಗುಟ್ಟು ಮಾತ್ರ ಹೊರಬಿತ್ತು.

ನಲವತ್ತೆರಡನೇ ಪುಟದಲ್ಲಿ ರೈಲು ವ್ಯಾಗನ್ ದುರಸ್ತಿ ಕಾರ್ಖಾನೆಯನ್ನು ಮುಚ್ಚುವ ಪ್ರಸ್ತಾವ ಇತ್ತು. ಎರಡು ಸಾವಿರ ಜನರ ಕೆಲಸ. ಬರೆದವನು ನಾನೇ. ಆ ಪುಟದ ಅಂಚಿನಲ್ಲಿ ಅಕ್ಕ ಕೆಂಪು ಶಾಯಿಯಲ್ಲಿ ಕೇಳಿದ್ದರು: "ಈ ಎರಡು ಸಾವಿರ ಜನ ಕಟ್ಟುವ ತೆರಿಗೆ ಹದಿನಾರನೇ ಪುಟದ ಆದಾಯದಲ್ಲಿ ಇನ್ನೂ ಇದೆ. ಯಾವ ಪುಟ ಸರಿ?"

ನಿಮ್ಮಲ್ಲೊಂದು ನಿಯಮ ಇದೆಯಲ್ಲ? ಅಂಚಿನ ಪ್ರಶ್ನೆಗೆ ಬರೆದವರೇ ಉತ್ತರ ಬರೆದು ಸಹಿ ಹಾಕದ ಹೊರತು ಪುಟ ಯಂತ್ರಕ್ಕೆ ಹೋಗುವುದಿಲ್ಲ. ನಾನು ಕೆಂಡಾಮಂಡಲವಾದೆ. "ನೀವು ಕಾಮಾ, ಫುಲ್‌ಸ್ಟಾಪ್ ನೋಡ್ಕೊಳ್ಳಿ ಸಾಕು. ದೇಶ ನಾವು ನೋಡ್ಕೋತೀವಿ!" ಎಂದು ಕೂಗಾಡಿದೆ.

ಅಕ್ಕ ಪೆನ್ನು ಮುಂದೆ ಹಿಡಿದರು. "ಅದನ್ನೇ ಬರೆದು ಸಹಿ ಹಾಕಿ ಸಾರ್, ಅಚ್ಚಿಗೆ ಕಳಿಸ್ತೀನಿ."

ತೆಪ್ಪಗೆ ಲೆಕ್ಕಕ್ಕೆ ಕೂತೆ. ಕಾರ್ಖಾನೆ ಮುಚ್ಚಿದರೆ ಉಳಿಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚಿತ್ತು. ಮುನ್ನೂರು ವ್ಯಾಗನ್ ಅಲ್ಲಿ ತುಕ್ಕು ಹಿಡಿಯುತ್ತಿದ್ದವು. ಅವು ಓಡಿದರೆ ಸರಕು ಓಡುತ್ತದೆ, ಸರಕು ಓಡಿದರೆ ತೆರಿಗೆ ಬರುತ್ತದೆ. ಕಾರ್ಖಾನೆ ಉಳಿಸಿದೆವು. ನಮಗೆಂದೇ ಕಟ್ಟಿಸಲು ಹೊರಟಿದ್ದ ಹೊಸ ಸಚಿವಾಲಯವನ್ನು ಕೈಬಿಟ್ಟೆವು. ಮುಂದಿನ ವರ್ಷಗಳಲ್ಲಿ ಪ್ರತಿ ಕಡಿತಕ್ಕೂ ಅಕ್ಕನ ಪ್ರಶ್ನೆಯನ್ನೇ ಹಾಕಿ ನೋಡಿದೆವು. ಹತ್ತು ವರ್ಷದಲ್ಲಿ ಬಡ್ಡಿಗೆ ಹೋಗುತ್ತಿದ್ದ ಆ ನಲವತ್ತು ಹದಿನೆಂಟಕ್ಕೆ ಇಳಿಯಿತು. ಬೆನ್ನು ತಟ್ಟಿಸಿಕೊಂಡವನು ನಾನು, ಹಾರ ಹಾಕಿಸಿಕೊಂಡವನೂ ನಾನು.

ಇಷ್ಟಕ್ಕೇ ನಿಲ್ಲಿಸಿದರೆ ನನಗೆ ಮರ್ಯಾದೆ. ಆದರೆ ನಿಲ್ಲಿಸಲಾರೆ. ನೆಲಮಾಳಿಗೆಯಿಂದ ಹೊರಬಂದ ವಾರವೇ, ಅಕ್ಕನ ಗಂಡ ಆ ಕಾರ್ಖಾನೆಯಲ್ಲೇ ಇರಬೇಕು ಎಂದು ಊಹಿಸಿಕೊಂಡು, "ಅಧಿಕಾರ ಮೀರಿದ್ದಾರೆ" ಎಂದು ಇವರ ಮೇಲೆ ಟಿಪ್ಪಣಿ ಬರೆದೆ. ಬಡ್ತಿ ನಿಂತುಹೋಯಿತು. ಅಕ್ಕ ಆ ಕಾರ್ಖಾನೆಯ ಊರನ್ನೇ ಕಂಡವರಲ್ಲ! ನಿಜ ಹೇಳಲೇ? ನನ್ನ ತಪ್ಪು ಹಿಡಿದರೆಂಬ ಹೊಟ್ಟೆಯುರಿ, ಅಷ್ಟೇ. ಆ ಟಿಪ್ಪಣಿ ಸುಳ್ಳೆಂದು ಕಳೆದ ತಿಂಗಳು ಬರೆದುಕೊಟ್ಟೆ. ತಡೆದ ಬಡ್ತಿ ಹಿಂದಿನ ದಿನಾಂಕದಿಂದಲೇ ಸಿಕ್ಕಿದೆ, ಪಿಂಚಣಿಯೂ ಅದರಂತೆಯೇ ಬರುತ್ತದೆ.

ಕ್ಷಮೆ ಕೇಳಲು ಮೊನ್ನೆ ಇವರ ಮನೆಗೆ ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅಕ್ಕ ನಕ್ಕುಬಿಟ್ಟರು.

"ಗೊತ್ತು ಸಾರ್. ನಿಮ್ಮ ಟಿಪ್ಪಣಿ ನೋಡಿ ಬಡ್ತಿ ತಡೆದ ಆದೇಶದ ಕರಡು ನನ್ನ ಮೇಜಿಗೇ ಬಂದಿತ್ತು. ನನ್ನ ಹೆಸರು ತಪ್ಪಾಗಿ ಬಿದ್ದಿತ್ತು. ತಿದ್ದಿ ಕಳಿಸ್ದೆ."

ಅಕ್ಕಾ, ನಿಮ್ಮ ಋಣ ತೀರಿಸುವ ಯೋಗ್ಯತೆ ನನಗಿಲ್ಲ. ಈ ಮಾತನ್ನು ಎಲ್ಲರೆದುರು ಹೇಳಲು ಬಿಟ್ಟಿರಲ್ಲ, ಅದಕ್ಕೆ ನಿಮಗೂ, ತಾಳ್ಮೆಯಿಂದ ಕೇಳಿದ ಈ ಸಭೆಗೂ ಕೈಮುಗಿಯುತ್ತೇನೆ. ನಮಸ್ಕಾರ.