ಸೊಸೆಯ ಕೈಯಿಂದ ಕಸಿದದ್ದು

ಅಧ್ಯಕ್ಷರಾದ ರಬ್ಬಿ ನೆರ್ಯೊ ಅವರೇ, ತಾಷ್ಕೆಂಟಿನಿಂದ ಬಂದಿರುವ ಅತಿಥಿಗಳೇ, ನಮ್ಮ ಸಮರ್‌ಕಂದದ ಸಭಿಕರೇ,

ಅರವತ್ತು ವರ್ಷ ನಮ್ಮ ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನ ಉಪವಾಸ ತಪ್ಪಿಸದವಳೆಂದು ನನಗೆ ಈ ಜರಿಯ ನಿಲುವಂಗಿ ತೊಡಿಸಿದಿರಿ. ಭಾರವಾಗಿದೆ. ನಿಂತು ಮಾತಾಡುವುದೇ ಈಗ ಆಯಾಸ. ಹೊಗಳಿಕೆ ಕೇಳುವುದು ಇನ್ನೂ ಆಯಾಸ. ಹಿಂದಿನ ಸಾಲಿನವರು ಪಿಸುಗುಟ್ಟುವುದನ್ನು ನಿಲ್ಲಿಸಿದರೆ ಬೇಗ ಮುಗಿಸುತ್ತೇನೆ.

ಧರ್ಮಾಚರಣೆಗೆ ಅಡ್ಡಿಯಿದ್ದ ಸೋವಿಯತ್ ಕಾಲದಲ್ಲಿ ರೇಷ್ಮೆ ಗಿರಣಿಯ ಮಗ್ಗದ ಮುಂದೆ ನಿಂತೇ ಉಪವಾಸ ಮಾಡಿದವಳು ನಾನು. ಮಧ್ಯಾಹ್ನದ ಸೂಪನ್ನು ಮೇಲ್ವಿಚಾರಕಿಯ ಕಣ್ತಪ್ಪಿಸಿ ಚರಂಡಿಗೆ ಸುರಿದವಳು. ಹೆಮ್ಮೆ ಬಾರದೆ ಇರುತ್ತದೆಯೇ? ಆ ಹೆಮ್ಮೆ ಮನೆಯೊಳಗೂ ಬಂತು.

ಹನ್ನೊಂದು ವರ್ಷದ ಹಿಂದೆ, ಉಪವಾಸದ ದಿನ, ಇದೇ ಮಂದಿರದ ಹೆಂಗಸರ ಕಡೆ ನನ್ನ ಸೊಸೆ ತೋವೊ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಪ್ರಾಣಕ್ಕೆ ಅಪಾಯವಿರುವವರು ತಿನ್ನಲೇಬೇಕೆಂಬುದು ನಮ್ಮ ಧರ್ಮದ್ದೇ ವಿಧಿ. ಧರ್ಮಗುರುಗಳಾದ ರಬ್ಬಿಯವರೇ ಅವಳಿಗೆ ತಿನ್ನಲು ಹೇಳಿದ್ದರು. ಕರವಸ್ತ್ರ ಬಿಚ್ಚಿ ನಾಲ್ಕು ಒಣದ್ರಾಕ್ಷಿ ತೆಗೆದಳು. ನಾನು ಕಸಿದುಕೊಂಡೆ.

"ನಮ್ಮನೇಲಿ ಈ ದಿನ ಯಾರೂ ಬಾಯಾಡಿಸಲ್ಲ," ಎಂದೆ, ಎಲ್ಲರಿಗೂ ಕೇಳುವಂತೆ.

"ಅತ್ತೆ, ಕೈ ನಡುಗ್ತಿದೆ."

"ನಡುಗ್ಲಿ ಬಿಡು. ದೇವರ ಮುಂದೆ ನಡುಗದೆ ಇನ್ನೆಲ್ಲಿ ನಡುಗ್ತೀಯಾ?"

ನಿಮ್ಮಲ್ಲಿ ಕೆಲವರು ನಕ್ಕಿರಿ. ಮಧ್ಯಾಹ್ನ ಅವಳು ಬಿದ್ದಳು. ನಾಲ್ಕು ದಿನ ಆಸ್ಪತ್ರೆ.

ಮನುಷ್ಯರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುವುದಿಲ್ಲ, ಆ ಮನುಷ್ಯರನ್ನೇ ಕೇಳಬೇಕು. ನಾನು ಕೇಳಲಿಲ್ಲವೇ? ಪ್ರತಿ ವರ್ಷ ಉಪವಾಸಕ್ಕೆ ಮೊದಲು ಕೇಳಿದೆ: "ಏನಾದ್ರೂ ತಪ್ಪಾಗಿದ್ರೆ ಮನಸಲ್ಲಿ ಇಟ್ಕೋಬೇಡಮ್ಮ." ಪ್ರತಿ ವರ್ಷ ಅವಳೂ "ಆಯ್ತು ಅತ್ತೆ," ಎಂದಳು.

ಈ ವರ್ಷ ವೈದ್ಯರು ನನಗೂ ಉಪವಾಸ ಬೇಡವೆಂದಿದ್ದಾರೆ. ನಾಡಿದ್ದು ನಾನೂ ತಿನ್ನಬೇಕು. ಮೊನ್ನೆ ತೋವೊಳ ಮನೆಗೆ ಹೋಗಿ ಅದೇ ಮಾತು ಹೇಳಿದೆ. ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ.

"ಏನ್ ತಪ್ಪು ಅಂತ ಒಂದ್ ಸಲಾನೂ ಹೇಳ್ಲಿಲ್ವಲ್ಲ ಅತ್ತೆ. ಯಾವುದನ್ನ ಕ್ಷಮಿಸ್ಲಿ?"

ಅದಕ್ಕೇ ಹೇಳಿದೆ. ನಿಮ್ಮೆದುರು ಮಾಡಿದ್ದನ್ನು ನಿಮ್ಮೆದುರೇ ಹೇಳಿದೆ.

ತೋವೊ, ಈಗ ಉತ್ತರ ಕೊಡಬೇಡ. ಇಷ್ಟು ಜನರೆದುರು ಯಾರೂ ಇಲ್ಲವೆನ್ನಲಾರರು. ನಿನ್ನನ್ನು ಇನ್ನೊಮ್ಮೆ ಬಲವಂತ ಮಾಡಿದಂತಾದೀತು. ನಾಳೆ ಸೂರ್ಯ ಮುಳುಗಿ ಉಪವಾಸ ಶುರುವಾಗುವವರೆಗೆ ಮನೆಯಲ್ಲಿರುತ್ತೇನೆ. ಕ್ಷಮಿಸುವುದಿಲ್ಲ ಎಂದು ಹೇಳುವುದಕ್ಕಾದರೂ ಬಾ. ಬಾಗಿಲು ನಾನೇ ತೆಗೆಯುತ್ತೇನೆ.

ಕರೆಸಿ ಕೂರಿಸಿದ ಮಹಿಳಾ ಸಂಘಕ್ಕೂ, ನಡುವೆ ಎದ್ದು ಹೋಗದ ನಿಮಗೂ ನಾನು ಕೃತಜ್ಞಳು. ಇನ್ನು ಕೂರುತ್ತೇನೆ. ನಮಸ್ಕಾರ.